ಆಫ್ರಿಕಾದ ಆನೆಗಳ ಕಳ್ಳಬೇಟೆ: ಸಂಖ್ಯೆ, ಸ್ಮೃತಿ ಮತ್ತು ಪರಂಪರೆ

ಬೇಟೆಯು ಮಾನವನ ಅತ್ಯಂತ ಪ್ರಾಚೀನ ವೃತ್ತಿಗಳಲ್ಲೊಂದು. ಅದು ಆಹಾರ ಸಂಪಾದನೆಯ ಮಾರ್ಗವಾಗಿದ್ದಂತೆಯೇ ಹಾಡು, ಕತೆ, ಕುಣಿತ, ಆರಾಧನೆ ಮತ್ತು ನಿಷೇಧಗಳ ಮೂಲವೂ ಆಗಿತ್ತು. ಆದುದರಿಂದಲೇ ಜಾನಪದ ಅಧ್ಯಯನವು ಬೇಟೆಯನ್ನು ಕೇವಲ ಪ್ರಾಣಿವಧೆಯೆಂದು ನೋಡದೆ, ಒಂದು ಸಮುದಾಯವು ತನ್ನ ಪರಿಸರದೊಂದಿಗೆ ಮಾಡಿಕೊಂಡ ಒಡಂಬಡಿಕೆಯೆಂದು ಪರಿಭಾವಿಸುತ್ತ ಬಂದಿದೆ. ಯಾವ ಪ್ರಾಣಿಯನ್ನು ಕೊಲ್ಲಬಹುದು, ಯಾವುದನ್ನು ಕೊಲ್ಲಬಾರದು, ಯಾವ ಕಾಲದಲ್ಲಿ ಕಾಡಿಗೆ ಹೋಗಬಾರದು, ಬೇಟೆಯ ಪಾಲು ಯಾರಿಗೆ ಸಲ್ಲಬೇಕು ಎಂಬ ಕಟ್ಟುಪಾಡುಗಳು ಬೇಟೆಯ ಸಂಸ್ಕೃತಿಯುಳ್ಳ ಸಮುದಾಯಗಳಲ್ಲಿ ವ್ಯಾಪಕವಾಗಿ ಕಂಡುಬರುತ್ತವೆ.

ಕಳೆದ ಅರ್ಧ ಶತಮಾನದಲ್ಲಿ ಆಫ್ರಿಕಾ ಖಂಡದಲ್ಲಿ ದಂತ ಮತ್ತು ಕೊಂಬಿಗಾಗಿ ನಡೆದಿರುವ ಅಕ್ರಮ ಬೇಟೆ ಇಂಥ ಯಾವ ಒಡಂಬಡಿಕೆಗೂ ಒಳಪಟ್ಟದ್ದಲ್ಲ. ಅದರ ಪರಿಣಾಮವನ್ನು ಸಾಮಾನ್ಯವಾಗಿ ಸತ್ತ ಪ್ರಾಣಿಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಲೆಕ್ಕ ಅಗತ್ಯವಾದುದೇ, ಆದರೆ ಅದೊಂದೇ ಸಾಲದು. ಜನಪದ ಮಹಾಕಾವ್ಯವೊಂದು ನಶಿಸಿಹೋಗಲು ಇಡೀ ಊರು ಅಳಿಯಬೇಕಾಗಿಲ್ಲ. ಅದನ್ನು ಬಲ್ಲ ಹಿರಿಯ ಗಾಯಕ ಶಿಷ್ಯನಿಲ್ಲದೆ ತೀರಿಕೊಂಡರೆ ಸಾಕು. ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಇದು ತಿಳಿದ ಸಂಗತಿ. ಆಫ್ರಿಕಾದ ಆನೆಗಳ ವಿಷಯದಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ನಷ್ಟ ಸಂಭವಿಸಿದೆ ಎಂಬುದನ್ನು ಪ್ರಾಣಿವರ್ತನೆಯ ಅಧ್ಯಯನಗಳು ತೋರಿಸಿಕೊಟ್ಟಿವೆ. ಕಳ್ಳಬೇಟೆಯು ಆನೆಗಳ ಸಂಖ್ಯೆಯನ್ನು ಕುಗ್ಗಿಸುವುದರ ಜೊತೆಗೆ ಹಿಂಡಿನೊಳಗಿನ ತಿಳಿವಳಿಕೆಯ ವಾರಸಿಕೆಯನ್ನೂ ಕಡಿದುಹಾಕುತ್ತದೆ. ಆದ್ದರಿಂದ ಸಂಖ್ಯೆ ಮರಳಿದರೂ ನಷ್ಟ ಪೂರ್ತಿಯಾಗಿ ತುಂಬಿಬರುವುದಿಲ್ಲ. ಈ ಸಂಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬೇಟೆ ಮತ್ತು ಕಳ್ಳಬೇಟೆ

ಆಫ್ರಿಕಾದ ಜನಸಮುದಾಯಗಳಲ್ಲಿ ಆನೆ ಬಹುಮುಖವಾಗಿ ಬೆರೆತುಹೋಗಿದೆ. ಜಿಂಬಾಬ್ವೆಯ ಶೋನಾ ಜನರಲ್ಲಿ ಆನೆಯನ್ನು ಕುಲಚಿಹ್ನೆಯಾಗಿ ಉಳ್ಳ ಬಳಿಯೊಂದಿದ್ದು, ಆ ಬಳಿಯವರಿಗೆ ಆನೆಯ ಮಾಂಸ ನಿಷಿದ್ಧ. ಬೋಟ್ಸ್ವಾನಾದ ತ್ಸ್ವಾನಾ ಜನರಲ್ಲಿಯೂ ಮೊಸಳೆ, ಕೋತಿ, ಆನೆ ಮೊದಲಾದ ಪ್ರಾಣಿಗಳು ಕುಲಚಿಹ್ನೆಗಳಾಗಿವೆ. ನಮ್ಮ ಬುಡಕಟ್ಟುಗಳ ಬೆಡಗು ಮತ್ತು ಬಳಿಗಳ ಅಧ್ಯಯನ ಮಾಡಿದವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಮಧ್ಯ ಆಫ್ರಿಕಾದ ಮಳೆಕಾಡುಗಳ ಬಾಕಾ ಜನರಲ್ಲಿ ಆನೆ ಬೇಟೆಯ ನಿಪುಣನನ್ನು ‘ತೂಮ’ ಎಂದು ಕರೆಯುತ್ತಾರೆ. ಅದು ಎಲ್ಲರಿಗೂ ದಕ್ಕುವ ಪದವಿಯಲ್ಲ. ನೈಜೀರಿಯದ ಯೊರುಬಾ ಬೇಟೆಗಾರರು ಓಗುನ್ ದೇವತೆಯ ಆರಾಧಕರು. ಅವರು ಹಾಡುವ ‘ಇಜಾಲ’ ಎಂಬ ಕಾವ್ಯಪ್ರಕಾರದಲ್ಲಿ ಪ್ರಾಣಿಗಳನ್ನು ಹೆಸರಿಡಿದು ಕೊಂಡಾಡುವ ಸ್ತುತಿಭಾಗಗಳಿವೆ. ಈ ಪ್ರಕಾರವನ್ನು ಕುರಿತು ಅಡೆಬೋಯೆ ಬಾಬಲೋಲಾ ಅವರು ನಡೆಸಿದ ಅಧ್ಯಯನ 1966ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಇಂದು ನೈಜೀರಿಯದಲ್ಲಿ ಉಳಿದಿರುವ ಆನೆಗಳು ಕೆಲವೇ ನೂರು. ಸ್ತುತಿ ಉಳಿದು ಸ್ತುತ್ಯ ವಸ್ತು ಮರೆಯಾಗುತ್ತಿರುವ ಸ್ಥಿತಿ ಇದು.

ಆದರೆ ಸಾಂಪ್ರದಾಯಿಕ ಬೇಟೆಯೆಲ್ಲ ನಿರ್ದೋಷವಾಗಿತ್ತೆಂದು ವೈಭವೀಕರಿಸುವುದು ಸಮಂಜಸವಲ್ಲ. ಕೀನ್ಯಾದ ತ್ಸಾವೋ ಪ್ರದೇಶದ ವಾತಾ ಜನರನ್ನು ಇಲ್ಲಿ ಉದಾಹರಿಸಬಹುದು. ಇವರು ಭಾರಿ ಬಿಲ್ಲು ಹಾಗೂ ಅಕೋಕಾಂತೆರಾ ಎಂಬ ಗಿಡದಿಂದ ತೆಗೆದ ವಿಷ ಸವರಿದ ಬಾಣಗಳಿಂದ ಆನೆಯನ್ನು ಕೊಲ್ಲುವುದರಲ್ಲಿ ಹೆಸರಾದವರು. ಇವರು ಮಾಂಸವನ್ನು ಬಳಸುತ್ತಿದ್ದುದು ನಿಜವಾದರೂ ದಂತವನ್ನು ಕರಾವಳಿಯ ವ್ಯಾಪಾರಿಗಳಿಗೆ ಮಾರುತ್ತಿದ್ದುದೂ ಅಷ್ಟೇ ನಿಜ. 1948ರಲ್ಲಿ ತ್ಸಾವೋ ರಾಷ್ಟ್ರೀಯ ಉದ್ಯಾನವಾಯಿತು. ತಲೆಮಾರುಗಳಿಂದ ಬೇಟೆಗಾರರಾಗಿದ್ದವರು ಕಾನೂನಿನ ಕಣ್ಣಿನಲ್ಲಿ ಕಳ್ಳಬೇಟೆಗಾರರಾದರು. 1956-57ರಲ್ಲಿ ಡೇವಿಡ್ ಶೆಲ್ಡ್ರಿಕ್ ಮತ್ತು ಬಿಲ್ ವುಡ್ಲಿ ಮೊದಲಾದ ಅಧಿಕಾರಿಗಳು ನಡೆಸಿದ ಕಾರ್ಯಾಚರಣೆಯಲ್ಲಿ ವಾತಾ ಬೇಟೆಗಾರರನ್ನು ಬಂಧಿಸಲಾಯಿತು. ಅವರಿಗೆ ಕಾನೂನುಬದ್ಧ ಬೇಟೆಯ ಕೆಲಸ ಕೊಡುವ ಉದ್ದೇಶದಿಂದ 1960ರಲ್ಲಿ ಗಲಾನಾ ನದಿಯ ಬಳಿ ಯೋಜನೆಯೊಂದು ಆರಂಭವಾಯಿತಾದರೂ ಅದು ಕ್ರಮೇಣ ದನಸಾಕಣೆಯ ಕಡೆಗೆ ವಾಲಿತು.

ಇದೇ ತ್ಸಾವೋದಲ್ಲಿ 1970-71ರ ಬರಗಾಲಕ್ಕೆ ಸುಮಾರು 6,000 ಆನೆಗಳು ಬಲಿಯಾದವು. ಅದರ ಬೆನ್ನಿಗೇ ಬಂದೂಕುಗಳ, ಮುಖ್ಯವಾಗಿ ಸ್ವಯಂಚಾಲಿತ ಬಂದೂಕುಗಳ ಕಾಲ ಬಂದಿತು. 1977ರಲ್ಲಿ ಕೀನ್ಯಾ ಸರ್ಕಾರ ಎಲ್ಲ ಬಗೆಯ ಮೃಗಯಾವಿಹಾರವನ್ನೂ ನಿಷೇಧಿಸಿದರೂ ಹತ್ಯೆ ನಿಲ್ಲಲಿಲ್ಲ. 1970ರ ದಶಕದ ಆರಂಭದಲ್ಲಿ ಸುಮಾರು 35,000 ಇದ್ದ ತ್ಸಾವೋ ಪ್ರದೇಶದ ಆನೆಗಳು 1988ರ ವೇಳೆಗೆ 6,000ದ ಆಸುಪಾಸಿಗೆ ಇಳಿದವು. ಬಿಲ್ಲಿನ ಬೇಟೆಗೂ ಬಂದೂಕಿನ ಬೇಟೆಗೂ ಇರುವ ವ್ಯತ್ಯಾಸ ಉಪಕರಣದ್ದು ಮಾತ್ರವಲ್ಲ. ಬಿಲ್ಲುಗಾರನು ಒಂದು ಆನೆಯ ಹೆಜ್ಜೆ ಹಿಡಿದು ಹೋಗಬೇಕಿತ್ತು. ಬಂದೂಕಿನ ತಂಡವು ಇಡೀ ಹಿಂಡನ್ನೇ ಒಂದೆಡೆ ನೆಲಕ್ಕುರುಳಿಸಬಲ್ಲದು. ಬಿಲ್ಲುಗಾರನಿಗೆ ಕಾಡಿನ ಜ್ಞಾನ ಬೇಕಿತ್ತು. ಬಂದೂಕಿನ ತಂಡಕ್ಕೆ ದೂರದ ಮಾರುಕಟ್ಟೆಯ ಬೆಲೆ ತಿಳಿದಿದ್ದರೆ ಸಾಕು. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ನಮ್ಮ ಗಾದೆಯ ಎರಡನೆಯ ಅರ್ಧವನ್ನಷ್ಟೇ ಬಲ್ಲ ಮಾರುಕಟ್ಟೆ ಅದು.

2. ಸಂಖ್ಯೆಗಳು ಹೇಳುವುದು

1979ರಲ್ಲಿ ಆಫ್ರಿಕಾ ಖಂಡದಲ್ಲಿ ಸುಮಾರು 13 ಲಕ್ಷ ಆನೆಗಳಿದ್ದುವೆಂದು ಅಂದಾಜಿಸಲಾಗಿತ್ತು. 1989ರ ಹೊತ್ತಿಗೆ ಈ ಅಂದಾಜು ಸುಮಾರು 6 ಲಕ್ಷಕ್ಕೆ ಇಳಿದಿತ್ತು. ಆ ವರ್ಷದ ಜುಲೈನಲ್ಲಿ ಕೀನ್ಯಾದ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರು ನೈರೋಬಿಯಲ್ಲಿ 12 ಟನ್ ದಂತಕ್ಕೆ ಬೆಂಕಿಯಿಟ್ಟು ಜಗತ್ತಿನ ಗಮನ ಸೆಳೆದರು. ಅದೇ ವರ್ಷ, ಸೈಟಿಸ್ ಎಂದು ಪರಿಚಿತವಾಗಿರುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ರಾಷ್ಟ್ರಗಳು ಲೋಸಾನ್ ನಗರದಲ್ಲಿ ಸಭೆ ಸೇರಿ ಆಫ್ರಿಕಾದ ಆನೆಯನ್ನು ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿಸಿದವು. ಇದರಿಂದ 1990ರಿಂದ ದಂತದ ಅಂತರರಾಷ್ಟ್ರೀಯ ವಾಣಿಜ್ಯ ನಿಷಿದ್ಧವಾಯಿತು.

ನಿಷೇಧದ ನಂತರ ಕೆಲವು ಕಾಲ ಸಮಾಧಾನವಿತ್ತು. 2000ದ ದಶಕದ ಉತ್ತರಾರ್ಧದಲ್ಲಿ ಹತ್ಯೆ ಮತ್ತೆ ಏರತೊಡಗಿ 2011ರಲ್ಲಿ ಉತ್ತುಂಗ ತಲುಪಿತು. 2016ರಲ್ಲಿ ಪ್ರಕಟವಾದ ಮಹಾ ಆನೆಗಣತಿಯು 18 ದೇಶಗಳಲ್ಲಿ ವೈಮಾನಿಕ ಎಣಿಕೆ ನಡೆಸಿ 3,52,271 ಸವನ್ನಾ ಆನೆಗಳನ್ನು ಅಂದಾಜಿಸಿತು. 2007ರಿಂದ 2014ರ ನಡುವೆ ಈ ಆನೆಗಳು ಸುಮಾರು ಶೇ. 30ರಷ್ಟು ಕುಸಿದಿದ್ದುವೆಂದು ತಿಳಿಸಿತು. ತಾಂಜಾನಿಯಾ ಒಂದರಲ್ಲೇ 2009ರಿಂದ 2014ರ ಅವಧಿಯಲ್ಲಿ ಆನೆಗಳ ಸಂಖ್ಯೆ ಸುಮಾರು 1,09,000ದಿಂದ 43,000ಕ್ಕೆ ಇಳಿಯಿತು. ಮಧ್ಯ ಆಫ್ರಿಕಾದ ಕಾಡಾನೆ ಪ್ರತ್ಯೇಕ ಪ್ರಭೇದ. ಗಾಬೋನಿನ ಮಿಂಕೆಬೆ ಉದ್ಯಾನದಲ್ಲಿ 2004ರಿಂದ 2014ರ ನಡುವೆ ಶೇ. 80ರಷ್ಟು ಕಾಡಾನೆಗಳು ಇಲ್ಲವಾದವು. 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಸವನ್ನಾ ಆನೆಯನ್ನು ‘ಅಪಾಯಕ್ಕೊಳಗಾದ’ ಪ್ರಭೇದವೆಂದೂ ಕಾಡಾನೆಯನ್ನು ‘ತೀವ್ರ ಅಪಾಯಕ್ಕೊಳಗಾದ’ ಪ್ರಭೇದವೆಂದೂ ವರ್ಗೀಕರಿಸಿತು.

ಖಡ್ಗಮೃಗದ ಕತೆ ಇನ್ನೂ ದಾರುಣವಾದುದು. 1970ರ ಸುಮಾರಿಗೆ 65,000ದಷ್ಟಿದ್ದ ಕಪ್ಪು ಖಡ್ಗಮೃಗಗಳು 1990ರ ದಶಕದ ಮಧ್ಯಭಾಗದಲ್ಲಿ 2,500ಕ್ಕಿಂತ ಕಡಿಮೆಯಾದವು. ಪಶ್ಚಿಮದ ಉಪಪ್ರಭೇದ ನಿರ್ನಾಮವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಉತ್ತರದ ಬಿಳಿ ಖಡ್ಗಮೃಗಗಳ ಕೊನೆಯ ಗಂಡು 2018ರ ಮಾರ್ಚ್‌ನಲ್ಲಿ ಕೀನ್ಯಾದ ಓಲ್ ಪೆಜೆಟಾದಲ್ಲಿ ಸತ್ತಾಗ ತಾಯಿ ಮತ್ತು ಮಗಳು, ಎರಡೇ ಹೆಣ್ಣುಗಳು ಉಳಿದವು.

ಎಲ್ಲ ಪ್ರದೇಶಗಳ ಸ್ಥಿತಿ ಒಂದೇ ರೀತಿಯಲ್ಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬೋಟ್ಸ್ವಾನಾದಲ್ಲಿ ಒಂದು ಲಕ್ಷಕ್ಕೂ ಮೀರಿ ಆನೆಗಳಿದ್ದು, ಅಲ್ಲಿನ ರೈತರಿಗೆ ಆನೆ ಬೆಳೆ ತಿನ್ನುವ, ಪ್ರಾಣಕ್ಕೆ ಎರವಾಗುವ ಪ್ರಾಣಿಯೂ ಹೌದು. ಅವರ ಕಷ್ಟವನ್ನು ಕಡೆಗಣಿಸಿ ಸಂರಕ್ಷಣೆಯ ಮಾತನಾಡುವುದು ಸರಿಯಾಗದು.

3. ಹಿಂಡಿನ ಹಿರಿಯಳು

ಆಫ್ರಿಕಾದ ಆನೆಗಳ ಕುಟುಂಬ ಮಾತೃಪ್ರಧಾನವಾದುದು. ತಾಯಿ, ಮಗಳು, ಅಕ್ಕತಂಗಿಯರು ಮತ್ತು ಮರಿಗಳು ಕೂಡಿದ ಹಿಂಡನ್ನು ಅನುಭವಸ್ಥ ಹಿರಿಯ ಹೆಣ್ಣಾನೆ ನಡೆಸುತ್ತದೆ. ಗಂಡುಗಳು ಪ್ರಾಯಕ್ಕೆ ಬರುತ್ತಿದ್ದಂತೆ ಹಿಂಡನ್ನು ಬಿಟ್ಟು ಹೋಗುತ್ತವೆ. ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತವಿರುವುದು ಗಂಡುಗಳಿಗೆ ಮಾತ್ರ. ಆಫ್ರಿಕಾದಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ದಂತವಿರುತ್ತದೆ. ದಂತವು ಜೀವಮಾನವೆಲ್ಲ ಬೆಳೆಯುತ್ತ ಹೋಗುವುದರಿಂದ ಕಳ್ಳಬೇಟೆಗಾರನ ಗುಂಡು ಮೊದಲು ಅರಸುವುದು ಹಿರಿಯ ಸಲಗಗಳನ್ನು, ಅವು ತೀರಿದ ಮೇಲೆ ಹಿಂಡಿನ ಹಿರಿಯಳನ್ನು. ಅಂದರೆ ಹಿಂಡಿನಲ್ಲಿ ಅತಿ ಹೆಚ್ಚು ಬಲ್ಲವಳೇ ಮಾರುಕಟ್ಟೆಗೆ ಅತಿ ಹೆಚ್ಚು ಬೇಕಾದವಳು. ಕಳ್ಳಬೇಟೆಯ ವಿಶೇಷ ಹಾನಿ ಇರುವುದು ಇಲ್ಲಿ.

ಈ ಹಿರಿಯಳು ಬಲ್ಲದ್ದೇನು? ಕೀನ್ಯಾದ ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ ಅವರು 1972ರಲ್ಲಿ ಆರಂಭಿಸಿದ ಅಧ್ಯಯನ ಒಂದೊಂದು ಆನೆಯನ್ನೂ ಗುರುತಿಟ್ಟು ತಲೆಮಾರುಗಳ ದಾಖಲೆ ಕಟ್ಟಿದೆ. ಅಲ್ಲಿಯೇ ಕ್ಯಾರೆನ್ ಮಕೋಂಬ್ ಮತ್ತು ಸಂಗಡಿಗರು ಅಪರಿಚಿತ ಹಾಗೂ ಪರಿಚಿತ ಆನೆಗಳ ಕೂಗನ್ನು ಹಿಂಡುಗಳಿಗೆ ಕೇಳಿಸಿ ಪ್ರತಿಕ್ರಿಯೆಯನ್ನು ಗಮನಿಸಿದರು. ಹಿರಿಯಳ ವಯಸ್ಸು ಹೆಚ್ಚಿದ್ದ ಹಿಂಡುಗಳು ಪರಿಚಿತರನ್ನೂ ಅಪರಿಚಿತರನ್ನೂ ನಿಖರವಾಗಿ ಬೇರ್ಪಡಿಸಿದವು. ಅಂಥ ಹಿಂಡುಗಳಲ್ಲಿ ಮರಿಗಳ ಸಂಖ್ಯೆಯೂ ಹೆಚ್ಚಿತ್ತು. 2001ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ, 2011ರಲ್ಲಿ ಅದೇ ತಂಡವು ಹೆಚ್ಚು ಅಪಾಯಕಾರಿಯಾದ ಗಂಡುಸಿಂಹದ ಗರ್ಜನೆಯನ್ನು ಗುರುತಿಸುವುದರಲ್ಲಿಯೂ ವಯಸ್ಸಾದ ಹಿರಿಯಳೇ ಮುಂದೆಂಬುದನ್ನು ತೋರಿಸಿತು.

ಜಾನಪದ ವಿದ್ಯಾರ್ಥಿಗೆ ಇನ್ನೂ ಕುತೂಹಲಕರವಾದುದು ಮನುಷ್ಯರನ್ನು ಕುರಿತ ಆನೆಗಳ ತಿಳಿವಳಿಕೆ. ಅಂಬೋಸೆಲಿಯ ಸುತ್ತ ದನಗಾಹಿ ಮಸಾಯಿ ಜನರೂ ಕೃಷಿಕ ಕಾಂಬಾ ಜನರೂ ವಾಸಿಸುತ್ತಾರೆ. ಮಸಾಯಿ ಯುವಕರು ಕೆಲವೊಮ್ಮೆ ಆನೆಗೆ ಈಟಿ ಎಸೆಯುವುದುಂಟು. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಸಾಯಿಯರು ತೊಟ್ಟ ಬಟ್ಟೆಯ ವಾಸನೆಗೆ ಆನೆಗಳು ಕಾಂಬಾ ಜನರು ತೊಟ್ಟ ಬಟ್ಟೆಗಿಂತ ಹೆಚ್ಚು ಬೆದರಿ ದೂರ ಓಡಿದವು. 2014ರ ಪ್ರಯೋಗದಲ್ಲಿ ಅವು ಮಸಾಯಿ ಗಂಡಸಿನ ದನಿಯನ್ನು ಕಾಂಬಾ ಗಂಡಸಿನ ದನಿಯಿಂದಲೂ, ಮಸಾಯಿ ಹೆಂಗಸರ ಮತ್ತು ಹುಡುಗರ ದನಿಯಿಂದಲೂ ಬೇರೆಯಾಗಿ ಗುರುತಿಸಿದವು. ಮನುಷ್ಯನು ಆನೆಯನ್ನು ಕುರಿತು ಕತೆ ಕಟ್ಟಿದಂತೆ ಆನೆಯೂ ಮನುಷ್ಯನನ್ನು ಕುರಿತು ತನ್ನದೇ ರೀತಿಯ ತಿಳಿವಳಿಕೆಯನ್ನು ಕಟ್ಟಿಕೊಂಡಿದೆ. ಇದನ್ನು ಮಾನವ ಸಂಸ್ಕೃತಿಗೆ ಸಮವೆನ್ನುವ ಅಗತ್ಯವಿಲ್ಲ. ಆದರೆ ಹಿರಿಯರ ಜೊತೆಗಿದ್ದು ಕಿರಿಯರು ಕಲಿಯುವ ವಿಧಾನ ಎರಡು ಕಡೆಯೂ ಇದೆ ಎಂಬುದು ಸ್ಪಷ್ಟ.

ಹಿರಿಯಳಿಲ್ಲದ ಹಿಂಡಿನ ಗತಿಯೇನೆಂಬುದಕ್ಕೆ ತಾಂಜಾನಿಯಾದ ತರಂಗಿರೆಯ 1993ರ ಬರಗಾಲ ಸಾಕ್ಷಿ. ಸಾಮಾನ್ಯವಾಗಿ ನೂರಕ್ಕೆ ಎರಡರಂತೆ ಸಾಯುತ್ತಿದ್ದ ಮರಿಗಳು ಆಗ ಒಂಬತ್ತು ತಿಂಗಳಲ್ಲಿ ನೂರಕ್ಕೆ ಇಪ್ಪತ್ತರಂತೆ ಸತ್ತವು. ಆದರೆ ಈ ಸಾವು ಎಲ್ಲ ಹಿಂಡುಗಳಿಗೂ ಸಮನಾಗಿ ಹಂಚಿಹೋಗಲಿಲ್ಲ. ಉದ್ಯಾನವನ್ನು ಬಿಟ್ಟು ನೀರು ಮೇವು ಇರುವಲ್ಲಿಗೆ ಹೋದ ಹಿಂಡುಗಳು ಮರಿಗಳನ್ನು ಉಳಿಸಿಕೊಂಡವು. ಅಲ್ಲಿಯೇ ಉಳಿದ ಗುಂಪು ಹೆಚ್ಚು ಕಳೆದುಕೊಂಡಿತು. ಹೀಗೆ ಉಳಿದ ಗುಂಪು 1970-80ರ ದಶಕಗಳ ಕಳ್ಳಬೇಟೆಯಲ್ಲಿ ತನ್ನ ಹಿರಿಯರನ್ನು ಕಳೆದುಕೊಂಡದ್ದಾಗಿತ್ತು. 1958-61ರ ಬರವನ್ನು ಎಳವೆಯಲ್ಲಿ ಕಂಡ ಆನೆಗಳು ಹಳೆಯ ದಾರಿಯನ್ನು ನೆನಪಿಟ್ಟಿರಬಹುದೆಂಬುದು ಸಂಶೋಧಕರ ಊಹೆ. ಗುಂಡೇಟು ಬಿದ್ದು ಹತ್ತು ಹದಿನೈದು ವರ್ಷಗಳಾದ ಮೇಲೆ ಹುಟ್ಟಿದ ಮರಿಗಳೂ ಆ ಗುಂಡಿನ ಫಲವನ್ನು ಉಂಡವೆಂದೇ ಇದರ ಅರ್ಥ.

ತಾಂಜಾನಿಯಾದ ಮಿಕುಮಿಯಲ್ಲಿ ಲದ್ದಿಯ ಪರೀಕ್ಷೆಯಿಂದ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಹಿರಿಯಳನ್ನೂ ಹತ್ತಿರದ ಬಂಧುಗಳನ್ನೂ ಕಳೆದುಕೊಂಡ ಹೆಣ್ಣಾನೆಗಳಲ್ಲಿ ಒತ್ತಡದ ಹಾರ್ಮೋನು ಹೆಚ್ಚಿದ್ದು, ಅವು ಮರಿ ಹಾಕುವುದು ಕಡಿಮೆಯಾಗಿತ್ತು; ಹತ್ಯೆ ತಗ್ಗಿ ವರ್ಷಗಳೇ ಕಳೆದಿದ್ದರೂ ಈ ಸ್ಥಿತಿ ಮುಂದುವರಿದಿತ್ತು.

4. ದಂತವಿಲ್ಲದ ಹೆಣ್ಣುಗಳು, ಹಿರಿಯರಿಲ್ಲದ ಗಂಡುಗಳು

ಕಳ್ಳಬೇಟೆಯು ಆನೆಯ ಒಡಲನ್ನೇ ಬದಲಿಸಿದ ನಿದರ್ಶನವೂ ಇದೆ. 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಮೊಜಾಂಬಿಕಿನ ಗೊರೊಂಗೋಸಾ ಉದ್ಯಾನದ ಆನೆಗಳಲ್ಲಿ ಶೇ. 90ಕ್ಕೂ ಹೆಚ್ಚು ಹತವಾದವು. ದಂತ ಮಾರಿದ ಹಣ ಯುದ್ಧದ ವೆಚ್ಚಕ್ಕೆ ಒದಗಿತು. ಯುದ್ಧಕ್ಕೆ ಮೊದಲು ಹೆಣ್ಣಾನೆಗಳಲ್ಲಿ ಶೇ. 18.5ರಷ್ಟಿದ್ದ ದಂತರಹಿತ ಆನೆಗಳು ಯುದ್ಧಾನಂತರ ಶೇ. 50.9ಕ್ಕೆ ಏರಿದವು. ದಂತವಿಲ್ಲದ್ದರಿಂದಲೇ ಗುಂಡಿನಿಂದ ಪಾರಾದ ತಾಯಂದಿರು ಆ ಗುಣವನ್ನು ಹೆಣ್ಣುಮಕ್ಕಳಿಗೆ ದಾಟಿಸಿದರು. 2021ರಲ್ಲಿ ಪ್ರಕಟವಾದ ಅಧ್ಯಯನವು ಈ ಗುಣ ಎಕ್ಸ್ ವರ್ಣತಂತುವಿಗೆ ಸಂಬಂಧಿಸಿದ್ದೆಂದೂ, ಅದನ್ನು ಪಡೆದ ಗಂಡುಭ್ರೂಣಗಳು ಬದುಕುವುದಿಲ್ಲವೆಂಬುದನ್ನು ಸಾಕ್ಷ್ಯಗಳು ಸೂಚಿಸುತ್ತವೆಂದೂ ತಿಳಿಸಿತು. ಆದುದರಿಂದ ದಂತರಹಿತತೆಯನ್ನು ನಿಸರ್ಗ ಕಂಡುಕೊಂಡ ಜಾಣ ಉಪಾಯವೆಂದು ಮೆಚ್ಚಿಕೊಳ್ಳುವಂತಿಲ್ಲ. ಆನೆಯು ದಂತದಿಂದ ಒಣಹೊಳೆಯ ಮರಳನ್ನು ತೋಡಿ ನೀರು ತೆಗೆಯುತ್ತದೆ, ಮರದ ತೊಗಟೆ ಸುಲಿಯುತ್ತದೆ, ಗೆಡ್ಡೆ ಕೀಳುತ್ತದೆ. ಅದು ತೋಡಿದ ಒರತೆಯನ್ನು ನಂಬಿದ ಇತರ ಪ್ರಾಣಿಗಳೂ ಉಂಟು.

ದಂತರಹಿತತೆಗೆ ಎಲ್ಲೆಡೆಯೂ ಇದೊಂದೇ ಕಾರಣವಲ್ಲ. ದಕ್ಷಿಣ ಆಫ್ರಿಕಾದ ಆಡೋ ಉದ್ಯಾನ 1931ರಲ್ಲಿ ಸ್ಥಾಪನೆಯಾದಾಗ ಅಲ್ಲಿ ಉಳಿದಿದ್ದವು ಕೇವಲ 11 ಆನೆಗಳು. ಬೇಟೆಯಿಂದ ಅಷ್ಟು ಸಣ್ಣ ಗುಂಪಾಗಿ ಕುಗ್ಗಿದ ಆನೆಗಳ ಸಂತತಿಯಲ್ಲಿ ಮುಂದೆ ಹೆಚ್ಚುಕಡಿಮೆ ಎಲ್ಲ ಹೆಣ್ಣುಗಳೂ ದಂತವಿಲ್ಲದವಾದವು.

ಗಂಡುಗಳ ವಿಷಯದಲ್ಲಿಯೂ ಹಿರಿತನದ ಮಹತ್ವವನ್ನು ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ತೋರಿಸಿಕೊಟ್ಟಿದೆ. ಇಲ್ಲಿಯ ಆನೆಗಳು ಕಳ್ಳಬೇಟೆಯಿಂದಲ್ಲ, ಕ್ರೂಗರ್ ಉದ್ಯಾನದಲ್ಲಿ ಸಂಖ್ಯೆ ತಗ್ಗಿಸಲು ಅಧಿಕೃತವಾಗಿಯೇ ನಡೆದ ಹತ್ಯೆಯಿಂದ ಅನಾಥವಾದ ಮರಿಗಳು. ಕಾರಣ ಬೇರೆಯಾದರೂ ಫಲ ಒಂದೇ. ಹಿರಿಯರಿಲ್ಲದೆ ಬೆಳೆದ ಗಂಡುಗಳಿಗೆ ಅಕಾಲದಲ್ಲಿ ಮದವೇರಿ, 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದುಬಿಟ್ಟ ಮೇಲೆ ಕಿರಿಯರ ಮದ ತಗ್ಗಿ ಹತ್ಯೆ ನಿಂತಿತು. ಅಲ್ಲಿಯ ಹೆಣ್ಣುಗಳ ಮೇಲೆ ಅಂಬೋಸೆಲಿಯ ಮಾದರಿಯಲ್ಲಿಯೇ ಕೂಗಿನ ಪ್ರಯೋಗ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಶಕಗಳು ಕಳೆದಿದ್ದರೂ ಅವುಗಳಿಗೆ ಪರಿಚಿತ ಅಪರಿಚಿತರ ಭೇದ ತಿಳಿಯುತ್ತಿರಲಿಲ್ಲ. ಮೇಲ್ನೋಟಕ್ಕೆ ಅವು ಆರೋಗ್ಯವಂತ ಆನೆಗಳು. ಆದರೆ ಅವುಗಳಿಗೆ ಕಲಿಸಬೇಕಾಗಿದ್ದವರು ಇರಲಿಲ್ಲ.

5. ಕಾಡಿನ ಮೇಲಿನ ಪರಿಣಾಮ

ಆನೆಯ ಗರ್ಭಾವಧಿ 22 ತಿಂಗಳು. ಕಾಡಾನೆಯಂತೂ ಸುಮಾರು 23ನೆಯ ವಯಸ್ಸಿಗೆ ಮೊದಲ ಮರಿ ಹಾಕಿ, ಮುಂದೆ ಐದಾರು ವರ್ಷಕ್ಕೊಂದರಂತೆ ಹಾಕುತ್ತದೆ. ಹೀಗಾಗಿ ಕಳೆದುಹೋದ ಸಂಖ್ಯೆ ಮರಳಲು ಸುಮಾರು 90 ವರ್ಷ ಬೇಕಾಗಬಹುದೆಂದು ಸಂಶೋಧಕರು ಅಂದಾಜಿಸಿದ್ದಾರೆ. ಈ ನಡುವೆ ಕಾಡು ಮೊದಲಿನಂತೆ ಉಳಿಯುವುದಿಲ್ಲ. ಕಾಡಾನೆಯು ಹಣ್ಣುಗಳನ್ನು ನುಂಗಿ ಬೀಜಗಳನ್ನು ಬಹುದೂರ ಒಯ್ದು ಲದ್ದಿಯೊಡನೆ ಬಿತ್ತುತ್ತದೆ. ದೊಡ್ಡ ಬೀಜದ ಕೆಲವು ಮರಗಳಿಗೆ ಆನೆಯ ಹೊರತು ಬೇರೆ ವಾಹಕವೇ ಇಲ್ಲ. ಆನೆ ಇಲ್ಲವಾದ ಕಾಡಿನಲ್ಲಿ ಮುದಿ ಮರಗಳಿರುತ್ತವೆ, ಅವುಗಳ ಸಸಿಗಳಿರುವುದಿಲ್ಲ. ಆ ಮರಗಳ ಹಣ್ಣು, ತೊಗಟೆ, ಎಣ್ಣೆಗಳನ್ನು ಅವಲಂಬಿಸಿದ ಕಾಡುಜನರ ಬದುಕೂ ಅದರೊಡನೆ ಸಡಿಲಗೊಳ್ಳುತ್ತದೆ.

6. ನಮ್ಮ ಕೊಂಡಿ

ಈ ವಿಷಯವನ್ನು ದೂರದ ಖಂಡದ ಸಂಗತಿಯೆಂದು ಬದಿಗಿಡಲಾಗದು. ಆಫ್ರಿಕಾದ ದಂತ ಶತಮಾನಗಳ ಕಾಲ ಹಿಂದೂ ಮಹಾಸಾಗರವನ್ನು ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದಿದೆ. ಗುಜರಾತ ಮತ್ತು ರಾಜಸ್ಥಾನಗಳಲ್ಲಿ ಮದುವಣಗಿತ್ತಿಯ ದಂತದ ಬಳೆ ಮುತ್ತೈದೆತನದ ಗುರುತಾಗಿತ್ತು. ದಂತಖಚಿತ ಬೀಟೆಮರದ ಬಾಗಿಲುಗಳಿರುವ ಮೈಸೂರು ಅರಮನೆ ನಮ್ಮ ಕುಶಲಕರ್ಮಿಗಳ ಕೈಚಳಕಕ್ಕೆ ಸಾಕ್ಷಿ. ಭಾರತವು 1986ರಲ್ಲಿ ದೇಶೀಯ ದಂತದ, 1991ರಲ್ಲಿ ಆಮದಾದ ಆಫ್ರಿಕಾ ದಂತದ ವ್ಯಾಪಾರವನ್ನು ಕಾನೂನಿನ ತಿದ್ದುಪಡಿಯಿಂದ ನಿಷೇಧಿಸಿತು. ಇಂದಿನ ಬೀಟೆಮರದ ಕಲಾಕೃತಿಗಳಲ್ಲಿ ದಂತದ ಸ್ಥಾನವನ್ನು ಬೇರೆ ವಸ್ತುಗಳು ಪಡೆದಿವೆ. ಆದರೂ ಕಲೆ ನಿಂತಿಲ್ಲ. ವಸ್ತು ಬದಲಾದರೂ ಪರಂಪರೆ ಮುಂದುವರಿಯಬಲ್ಲದೆಂಬ ಮಾತಿಗೆ ಇದು ನಮ್ಮ ನೆಲದ ಪುರಾವೆ.

ದಕ್ಷಿಣ ಭಾರತದ ಕಾಡುಗಳೂ ದಂತದ ಕಳ್ಳಬೇಟೆಯನ್ನು ಕಂಡಿವೆ. ಇಲ್ಲಿ ದಂತವಿರುವುದು ಗಂಡಿಗೆ ಮಾತ್ರವಾದ್ದರಿಂದ ಪರಿಣಾಮದ ರೂಪ ಬೇರೆಯಾಯಿತು. ಕೇರಳದ ಪೆರಿಯಾರ್‌ನಲ್ಲಿ 1980ರ ದಶಕದ ಕೊನೆಗೆ ಒಂದು ವಯಸ್ಕ ಗಂಡಾನೆಗೆ ನೂರಕ್ಕೂ ಹೆಚ್ಚು ವಯಸ್ಕ ಹೆಣ್ಣಾನೆಗಳು ಎಂಬ ವಿಷಮ ಅನುಪಾತ ಏರ್ಪಟ್ಟಿತ್ತು. ಇಲ್ಲಿ ಅಜ್ಜಿಯರು ಉಳಿದರು, ಸಲಗಗಳು ಅಳಿದವು. ಆಫ್ರಿಕಾದಲ್ಲಿ ಇಬ್ಬರೂ ಅಳಿದರು.

7. ಮರುಜೀವದ ದಾರಿ

ಚಾಡ್ ದೇಶದ ಜಕೂಮಾ ಉದ್ಯಾನದಲ್ಲಿ 2002ರಲ್ಲಿ 4,000ಕ್ಕೂ ಹೆಚ್ಚಿದ್ದ ಆನೆಗಳು, ಕುದುರೆಯೇರಿ ಬಂದ ಶಸ್ತ್ರಧಾರಿ ತಂಡಗಳ ದಾಳಿಯಿಂದ 2010ರ ವೇಳೆಗೆ ಸುಮಾರು 450ಕ್ಕೆ ಇಳಿದವು. ಉಳಿದವು ಭಯದಿಂದ ಒಂದೇ ದೊಡ್ಡ ಗುಂಪಾಗಿ ಒತ್ತರಿಸಿಕೊಂಡು ತಿರುಗುತ್ತಿದ್ದವು. ಮರಿ ಹಾಕುವುದೇ ಹೆಚ್ಚುಕಡಿಮೆ ನಿಂತುಹೋಗಿತ್ತು. 2010ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಸರ್ಕಾರದೊಡನೆ ಸೇರಿ ನಿರ್ವಹಣೆ ವಹಿಸಿಕೊಂಡು, ಸುತ್ತಲ ಹಳ್ಳಿಗರ ಸಹಕಾರದಿಂದ ಕಾವಲನ್ನು ಬಲಪಡಿಸಿದ ಮೇಲೆ ಹತ್ಯೆ ನಿಂತಿತು. 2018ರ ಹೊತ್ತಿಗೆ ಐದು ವರ್ಷದೊಳಗಿನ ಮರಿಗಳೇ ನೂರಕ್ಕೂ ಹೆಚ್ಚಿದ್ದವು. ತ್ಸಾವೋದಲ್ಲಿಯೂ 2017ರ ಗಣತಿಯ ಸಂಖ್ಯೆ 12,000ವನ್ನು ಮೀರಿತ್ತು. ಚೀನಾ 2017ರ ಅಂತ್ಯದಲ್ಲಿ ದಂತದ ಆಂತರಿಕ ವ್ಯಾಪಾರವನ್ನು ನಿಷೇಧಿಸಿದ್ದು ಇನ್ನೊಂದು ಮಹತ್ವದ ಹೆಜ್ಜೆ. ಇವೆಲ್ಲ ಭರವಸೆಯ ಸಂಗತಿಗಳು.

ಆದರೂ ಐದು ವರ್ಷದ ಮರಿ ಐವತ್ತರ ಹಿರಿಯಳಾಗಲು ನಾಲ್ಕೂವರೆ ದಶಕ ಬೇಕು. ಅಷ್ಟು ಕಾಲ ಅದು ಗುಂಡಿನ ಭಯವಿಲ್ಲದೆ ಬದುಕಬೇಕು. ಬದುಕಿ, ಬಲ್ಲವರ ಜೊತೆ ನಡೆದು ದಾರಿ ಕಲಿಯಬೇಕು. ಆದುದರಿಂದ ಸಂರಕ್ಷಣೆಯ ಯಶಸ್ಸನ್ನು ಅಳೆಯುವಾಗ ಎಷ್ಟು ಆನೆಗಳಿವೆ ಎಂಬ ಪ್ರಶ್ನೆಯ ಜೊತೆಗೆ ಯಾವ ವಯಸ್ಸಿನವು ಎಷ್ಟಿವೆ ಎಂಬ ಪ್ರಶ್ನೆಯೂ ಇರಬೇಕು. ಅದರಂತೆಯೇ ವಾತಾ, ಬಾಕಾ ಮೊದಲಾದ ಜನರನ್ನು ಅಪರಾಧಿಗಳೆಂದು ಮಾತ್ರ ಕಾಣದೆ, ಕಾಡಿನ ಜ್ಞಾನದ ವಾರಸುದಾರರೆಂದು ಪರಿಗಣಿಸಿ ಕಾವಲಿನ ಕಾರ್ಯದಲ್ಲಿ ಪಾಲುಗೊಳ್ಳುವಂತೆ ಮಾಡುವುದು ಅವಶ್ಯಕ. ಆನೆಯ ಹಾದಿಯನ್ನು ಬಲ್ಲ ಮನುಷ್ಯನೂ, ನೀರಿನ ಹಾದಿಯನ್ನು ಬಲ್ಲ ಆನೆಯೂ ಒಂದೇ ಕಾಲದಲ್ಲಿ ಇಲ್ಲವಾಗುತ್ತಿದ್ದಾರೆ.

ಒಟ್ಟಾರೆಯಾಗಿ ಹೇಳುವುದಾದರೆ, ಜಾನಪದ ಅಧ್ಯಯನವು ಮೌಖಿಕ ಪರಂಪರೆಯನ್ನು ದಾಖಲಿಸಿ ಉಳಿಸುವ ಕ್ರಮವನ್ನು ರೂಪಿಸಿಕೊಂಡಿದೆ. ಹಾಡುಗಾರ ತೀರಿಕೊಂಡರೂ ಧ್ವನಿಮುದ್ರಣ ಉಳಿಯುತ್ತದೆ. ಆನೆಯ ಹಿಂಡಿನಲ್ಲಿ ಅಂಥ ಯಾವ ದಾಖಲೆಯೂ ಇಲ್ಲ. ಅಲ್ಲಿ ತಿಳಿವಳಿಕೆ ಉಳಿಯಬೇಕಾದರೆ ಹಿರಿಯಳೇ ಉಳಿಯಬೇಕು.